ಅಮ್ಮನ ಆಪರೇಷನ್ ಆದ ಮೇಲೆ, ಅರಿವಳಿಕೆ ಇಳಿಯುವಾಗ

ಪ್ರಶ್ನೆ: ನಮಸ್ತೆ ಮೇಡಂ. ನಮ್ಮಮ್ಮನಿಗೆ 71 ವರ್ಷ. ಮುಂದಿನ ವಾರ ಹಾಸನದಲ್ಲಿ ಪಿತ್ತಕೋಶದ ಕಲ್ಲಿಗೆ ಲ್ಯಾಪ್ರೋಸ್ಕೋಪಿ ಆಪರೇಷನ್ ಇದೆ. ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡುತ್ತಾರಂತೆ. ನನಗೆ ಆಪರೇಷನ್‌ಗಿಂತ ಅದರ ಭಯವೇ ಜಾಸ್ತಿ. ನಮ್ಮ ದೊಡ್ಡಪ್ಪ ಆಪರೇಷನ್ ಆದ ರಾತ್ರಿ ಸ್ವಂತ ಮಗನನ್ನೇ ಗುರುತು ಹಿಡಿಯಲಿಲ್ಲ, ಡ್ರಿಪ್ ಕಿತ್ತು ಹಾಕಿದರು. ಅಮ್ಮನಿಗೂ ಹಾಗಾಗುತ್ತಾ?

ಉತ್ತರ (ಅರಿವಳಿಕೆ ವೈದ್ಯೆ): ನಿಮ್ಮ ದೊಡ್ಡಪ್ಪನ ವಿಷಯದಿಂದಲೇ ಶುರು ಮಾಡುತ್ತೇನೆ. ಅದಕ್ಕೆ ಡೆಲಿರಿಯಂ ಅನ್ನುತ್ತಾರೆ. ಅದು ಹುಚ್ಚಲ್ಲ. 65 ದಾಟಿದವರಲ್ಲಿ ಇದು ಆಗಾಗ ಕಾಣುತ್ತದೆ, ಸಾಮಾನ್ಯವಾಗಿ ಮೊದಲ ಮೂರು ದಿನಗಳಲ್ಲಿ. ಬೆಳಗ್ಗೆ ಚೆನ್ನಾಗಿಯೇ ಮಾತಾಡಿದವರು ಸಂಜೆಯಾಗುತ್ತಿದ್ದಂತೆ "ನಾನ್ಯಾಕೆ ಇಲ್ಲಿದ್ದೀನಿ, ಮನೆಗೆ ಹೋಗೋಣ" ಅಂತ ಎದ್ದು ಕೂರುತ್ತಾರೆ. ಹೆಚ್ಚಿನವರಿಗೆ ಕೆಲವೇ ದಿನಗಳಲ್ಲಿ ಸರಿಹೋಗುತ್ತದೆ. ಕೆಲವರಿಗೆ ಮಾತ್ರ ವಾರಗಳೇ ಹಿಡಿಯುತ್ತವೆ.

ಎಲ್ಲರೂ ಅರಿವಳಿಕೆ ಔಷಧಿಯನ್ನೇ ಬೈಯುತ್ತಾರೆ. ಆದರೆ ನೋವು, ನಿದ್ದೆ ಇಲ್ಲದಿರುವುದು, ಮೈಯಲ್ಲಿ ನೀರು ಕಡಿಮೆಯಾಗುವುದು, ಮೂತ್ರ ಕಟ್ಟುವುದು, ಸೋಂಕು, ಇವೆಲ್ಲವೂ ಸೇರುತ್ತವೆ. ಮೇಲಿಂದ ಕನ್ನಡಕ ಇಲ್ಲ, ಸುತ್ತ ಗುರುತಿನ ಮುಖ ಒಂದೂ ಇಲ್ಲ. ಅದಕ್ಕೇ ಮನೆಯವರ ಪಾತ್ರ ಇಲ್ಲಿ ಬಹಳ ದೊಡ್ಡದು. ಪಕ್ಕದಲ್ಲಿ ಕೂತು ನಿಧಾನವಾಗಿ ಮಾತಾಡಿ. ಇವತ್ತು ಯಾವ ವಾರ, ಎಲ್ಲಿದ್ದೀರಿ, ಏನು ಆಪರೇಷನ್ ಆಯಿತು ಅಂತ ಮತ್ತೆ ಮತ್ತೆ ಹೇಳಿ. ತಪ್ಪು ಹೇಳಿದರೆ ವಾದಕ್ಕೆ ಇಳಿಯಬೇಡಿ. ಹಗಲು ಕಿಟಕಿ ತೆಗೆದಿರಲಿ, ರಾತ್ರಿ ಸದ್ದು ಕಡಿಮೆ ಇರಲಿ.

ಇನ್ನೊಂದು ಮಾತು. ಡೆಲಿರಿಯಂ ಬಂದವರೆಲ್ಲ ಕೂಗಾಡುವುದಿಲ್ಲ. ಕೆಲವರು ಸುಮ್ನೆ ಗೋಡೆ ಕಡೆ ತಿರುಗಿ ಮಲಗಿಬಿಡುತ್ತಾರೆ. "ಪಾಪ, ಸುಸ್ತಾಗಿದ್ದಾರೆ" ಅಂತ ನಾವು ಬಿಟ್ಟುಬಿಡುತ್ತೇವೆ. ಎರಡೂ ಥರದ್ದನ್ನು ಸಿಸ್ಟರ್‌ಗೆ ತಕ್ಷಣ ಹೇಳಿ. ಆಮ್ಲಜನಕವೋ ಸಕ್ಕರೆಯೋ ಸೋಡಿಯಮ್ಮೋ ಇಳಿದಿದ್ದರೂ ಹೀಗಾಗಬಹುದು. ಅಮ್ಮನಿಗೆ ಈಗಾಗಲೇ ಸ್ವಲ್ಪ ಮರೆವು ಇದ್ದರೆ, ನಿದ್ದೆ ಮಾತ್ರೆ ತಗೊಳ್ಳುತ್ತಿದ್ದರೆ, ಮುಂಚೆಯೇ ಅರಿವಳಿಕೆ ವೈದ್ಯರಿಗೆ ತಿಳಿಸಿ. ಮುಚ್ಚಿಡಬೇಡಿ.

ಉಳಿದಂತೆ, ಆಪರೇಷನ್ ಮುಗಿದ ಮೇಲೆ ನೇರ ವಾರ್ಡಿಗೆ ತರುವುದಿಲ್ಲ. ರಿಕವರಿ ರೂಮಿನಲ್ಲಿ ಉಸಿರು, ಬಿಪಿ, ನೋವು ನೋಡಿಕೊಳ್ಳುತ್ತಾರೆ. ಮೂಗಿಗೆ ಆಮ್ಲಜನಕದ ಮಾಸ್ಕ್, ಬೆರಳಿಗೆ ಕ್ಲಿಪ್ ಇರುತ್ತದೆ, ನೋಡಿ ಗಾಬರಿಯಾಗಬೇಡಿ. ಗಡಗಡ ನಡುಗಬಹುದು, ಅರಿವಳಿಕೆಯಲ್ಲಿ ಮೈಯ ಬಿಸಿ ಇಳಿದಿರುತ್ತದೆ, ಹೊದಿಕೆ ಕೊಡುತ್ತಾರೆ. ಉಸಿರಾಟಕ್ಕೆ ನಳಿಕೆ ಹಾಕಿರುವುದರಿಂದ ಒಂದೆರಡು ದಿನ ಗಂಟಲು ಕೆರೆಯುತ್ತದೆ. ವಾಕರಿಕೆ ಬರಬಹುದು, ಹೆಂಗಸರಿಗೆ ಸ್ವಲ್ಪ ಜಾಸ್ತಿ. ಅಮ್ಮ ಘಟ್ಟದ ಬಸ್ಸಿನಲ್ಲಿ ವಾಂತಿ ಮಾಡುವವರಾ? ಹಾಗಿದ್ದರೆ ಅದನ್ನೂ ಹೇಳಿ, ಮೊದಲೇ ಔಷಧಿ ಕೊಡುತ್ತೇವೆ.

ಲ್ಯಾಪ್ರೋಸ್ಕೋಪಿಯಲ್ಲಿ ಭುಜ ನೋಯುವುದನ್ನು ಕಂಡು ಎಷ್ಟೋ ಜನ ಹೃದಯದ ತೊಂದರೆ ಅಂತ ಹೆದರುತ್ತಾರೆ. ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿ ಆಪರೇಷನ್ ಮಾಡುತ್ತಾರೆ. ಅದು ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯುವನ್ನು, ಕೆರಳಿಸುತ್ತದೆ. ವಪೆಯ ನರ ಹೊರಡುವ ಜಾಗದಿಂದಲೇ ಭುಜದ ನರವೂ ಬರುತ್ತದೆ, ಹಾಗಾಗಿ ನೋವು ಭುಜದಲ್ಲಿ ಕಾಣುತ್ತದೆ. ಎರಡು ಮೂರು ದಿನದಲ್ಲಿ ಕಡಿಮೆಯಾಗುತ್ತದೆ. ಆದರೆ ಎದೆ ಹಿಂಡಿದಂತಾದರೆ, ಬೆವರು ಬಂದರೆ ಅದು ಬೇರೆ, ಕೂಡಲೇ ಹೇಳಬೇಕು.

ಇನ್ನೊಬ್ಬ ಸದಸ್ಯೆ: ಮೇಡಂ, ನನಗೆ ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟರು. ಮಗುವಿಗೆ ಈಗ ಎರಡು ವರ್ಷ, ಸೊಂಟನೋವು ಹೋಗಿಲ್ಲ. ಆ ಸೂಜಿಯಿಂದಲೇ ಅಂತ ನಮ್ಮತ್ತೆ ಹೇಳುತ್ತಾರೆ.

ಉತ್ತರ: ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯುವುದು ನಿಜ. ಎರಡು ವರ್ಷದ ನೋವಿಗೆ ಅದು ಕಾರಣ ಆಗಿರುವುದು ಬಹಳ ಅಪರೂಪ. ಬಸಿರಲ್ಲಿ ಸೊಂಟದ ಕೀಲುಗಳು ಸಡಿಲವಾಗಿರುತ್ತವೆ, ಹೊಟ್ಟೆಯ ಸ್ನಾಯು ಸೋತಿರುತ್ತದೆ, ಆಮೇಲೆ ಬಗ್ಗಿ ಮಗು ಎತ್ತುವುದು, ಹಾಲು ಕುಡಿಸುವುದು. ನೋವು ನಿಜವಾದದ್ದೇ, ಸಹಿಸಿಕೊಂಡು ಕೂರಬೇಡಿ. ಮೂಳೆ ವೈದ್ಯರಿಗೆ ತೋರಿಸಿ, ಫಿಸಿಯೋಥೆರಪಿ ಕೇಳಿ. ಆ ಇಂಜೆಕ್ಷನ್‌ನಿಂದ ನಿಜಕ್ಕೂ ಬರಬಹುದಾದದ್ದು ಒಂದು ಥರದ ತಲೆನೋವು. ಮೊದಲ ಕೆಲವು ದಿನಗಳಲ್ಲಿ ಬರುತ್ತದೆ, ಕೂತರೆ ಜಾಸ್ತಿ, ಮಲಗಿದರೆ ಕಡಿಮೆ. ಅದಕ್ಕೆ ಚಿಕಿತ್ಸೆ ಇದೆ.

ಮೊದಲು ಕೇಳಿದವರು: ಧೈರ್ಯ ಬಂತು ಮೇಡಂ. ಇನ್ನೆರಡು ಪ್ರಶ್ನೆ. ಮನೆಗೆ ಬಂದ ಮೇಲೆ ಏನು ಎಚ್ಚರಿಕೆ? ಅಮ್ಮ ಕಿವಿ ಯಂತ್ರ ಹಾಕುತ್ತಾರೆ. ಆಸ್ಪತ್ರೆಯಲ್ಲಿ ಕಳೆದುಹೋಗುತ್ತದೆ ಅಂತ ಮನೆಯಲ್ಲೇ ಬಿಟ್ಟು ಹೋಗೋಣ ಅಂದುಕೊಂಡಿದ್ದೆವು.

ಉತ್ತರ: ಮೊದಲ 24 ಗಂಟೆ ಒಬ್ಬರು ಜೊತೆಗಿರಲೇಬೇಕು. ಅವತ್ತು ಬ್ಯಾಂಕು, ಆಸ್ತಿ ಕಾಗದಗಳಿಗೆ ಸಹಿ ಹಾಕಿಸಬೇಡಿ. ಎದ್ದ ತಕ್ಷಣ ನಡೆಸಬೇಡಿ, ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂರಿಸಿ ಆಮೇಲೆ ನಡೆಸಿ. ವಾಂತಿ ನಿಲ್ಲದಿದ್ದರೆ, ಮೂತ್ರ ಬರದಿದ್ದರೆ, ಜ್ವರ ಬಂದರೆ, ಹೊಟ್ಟೆನೋವು ಏರುತ್ತಾ ಹೋದರೆ ಆಸ್ಪತ್ರೆಗೆ ಫೋನ್ ಮಾಡಿ. ಉಸಿರಿಗೆ ಕಷ್ಟವಾದರೆ, ಎಷ್ಟು ಎಬ್ಬಿಸಿದರೂ ಏಳದಿದ್ದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಕಿವಿ ಯಂತ್ರ ಮಾತ್ರ ದಯವಿಟ್ಟು ಮನೆಯಲ್ಲಿ ಬಿಡಬೇಡಿ. ಕಿವಿ ಕೇಳದೆ ಎಚ್ಚರವಾದರೆ ನೀವು ಸಮಾಧಾನ ಹೇಳುವುದಾದರೂ ಹೇಗೆ? ಒಂದು ಪುಟ್ಟ ಡಬ್ಬಿಗೆ ಹೆಸರು ಬರೆದು, ಅದನ್ನೂ ಕನ್ನಡಕವನ್ನೂ ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ. ಅಮ್ಮ ಕಣ್ಣು ಬಿಟ್ಟ ಕೂಡಲೇ ಹಾಕಬೇಕು ಅಂತ ರಿಕವರಿ ರೂಮಿನ ಸಿಸ್ಟರ್‌ಗೆ ಹಿಂದಿನ ದಿನವೇ ಹೇಳಿಡಿ. ಸೆಲ್ ಹೊಸದು ಹಾಕಿಸಿ.