ಹಾಸ್ಟೆಲ್ ಲಾಕರ್ ಒಡೆದು ದುಡ್ಡು ಕದ್ದಿದ್ದಾರೆ: ಬೆರಳಚ್ಚು ತೆಗೆದು ಕಳ್ಳನನ್ನು ಹಿಡಿಯಬಹುದಾ?

ಕೇಳಿದವರು:

ಬಾರ್ಸಿಲೋನಾದಲ್ಲಿದ್ದೇನೆ. ಹಾಸ್ಟೆಲ್‌ನಲ್ಲಿ ಎಂಟು ಜನರ ರೂಮು. ರಾತ್ರಿ ಊಟ ಮುಗಿಸಿ ಬರುವಷ್ಟರಲ್ಲಿ ನನ್ನ ಲಾಕರಿನ ಬೀಗ ಮುರಿದು, ಸ್ಟೀಲ್ ಡಬ್ಬಿಯಲ್ಲಿಟ್ಟಿದ್ದ 350 ಯೂರೋ ತೆಗೆದಿದ್ದಾರೆ. ಪಾಸ್‌ಪೋರ್ಟ್ ಜೇಬಲ್ಲಿತ್ತು, ಸದ್ಯ ಉಳಿಯಿತು. ಎದುರು ಮಂಚದವನ ಮೇಲೆ ಅನುಮಾನ. ಡಬ್ಬಿಯ ಮೇಲೆ ಬೆರಳಿನ ಗುರುತು ಬರಿಗಣ್ಣಿಗೇ ಕಾಣುತ್ತಿದೆ. ಟಾಲ್ಕಂ ಪೌಡರ್ ಉದುರಿಸಿ, ಸೆಲ್ಲೋಟೇಪಿನಲ್ಲಿ ತೆಗೆದು, ಅವನು ನೀರು ಕುಡಿದ ಗ್ಲಾಸಿನ ಗುರುತಿಗೆ ಹೋಲಿಸೋಣ ಅಂತಿದ್ದೇನೆ. ಡಬ್ಬಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟಿದ್ದೇನೆ. ವೀಸಾಗೆ ಎಲ್ಲರೂ ಹತ್ತು ಬೆರಳು ಒತ್ತಿರುತ್ತಾರಲ್ಲ, ಪೊಲೀಸರಿಗೆ ಸುಲಭ ಅಲ್ವಾ?

ಬೆರಳಚ್ಚು ವಿಭಾಗದಿಂದ ನಿವೃತ್ತರಾದವರು:

ತಮ್ಮಾ, ಪೌಡರ್ ಡಬ್ಬಿ ಕೆಳಗಿಡು. ಹೊಳೆಯುವ ಸ್ಟೀಲಿನ ಮೇಲೆ ಬಿಳಿ ಪೌಡರ್ ಸರಿಯಾಗಿ ಕಾಣುವುದಿಲ್ಲ. ಜಾಸ್ತಿ ಬಿದ್ದರೆ ಗೆರೆಗಳ ನಡುವಿನ ಸಂದೆಲ್ಲ ತುಂಬಿಹೋಗುತ್ತದೆ. ಟೇಪು ಒಮ್ಮೆ ಜರುಗಿದರೆ ಮುಗಿಯಿತು, ಆ ಗುರುತು ಮತ್ತೆ ಸಿಗುವುದಿಲ್ಲ. ಕಣ್ಣಿಗೆ ಕಾಣುವ ಗುರುತಿದ್ದರೆ ಮೊದಲು ಫೋಟೋ. ಪಕ್ಕದಲ್ಲಿ ಸ್ಕೇಲ್ ಇಟ್ಟು, ಟಾರ್ಚ್ ಓರೆಯಾಗಿ ಹಿಡಿದು, ಕ್ಯಾಮೆರಾ ನೇರವಾಗಿ ಮೇಲಿನಿಂದ. ಪ್ಲಾಸ್ಟಿಕ್ ಕವರಿನಲ್ಲಿ ತೇವ ನಿಲ್ಲುತ್ತದೆ, ಗುರುತು ಉಜ್ಜಿಯೂ ಹೋಗುತ್ತದೆ. ಅಂಚು ಹಿಡಿದು ತೆಗೆದು ರಟ್ಟಿನ ಪೆಟ್ಟಿಗೆಯಲ್ಲಿ ಅಲ್ಲಾಡದ ಹಾಗೆ ಇಡು.

ಆದರೆ ಆ ಡಬ್ಬಿಯನ್ನು ದಿನಾ ಮುಟ್ಟುವವನು ನೀನೇ. ಅಲ್ಲಿರುವ ಮುಕ್ಕಾಲು ಗುರುತು ನಿನ್ನದೇ ಇರುತ್ತದೆ. ನನ್ನನ್ನು ಕೇಳಿದರೆ ಡಬ್ಬಿಗಿಂತ ಮುರಿದ ಬೀಗ, ಲಾಕರ್ ಬಾಗಿಲಿನ ಒಳಬದಿ ಮುಖ್ಯ. ಅವನ್ನು ಯಾರೂ ಮುಟ್ಟದಂತೆ ನೋಡಿಕೋ.

ಗ್ಲಾಸಿನ ಜೊತೆ ಹೋಲಿಸುವ ವಿಚಾರ. ಸುರುಳಿ, ಕುಣಿಕೆ, ಕಮಾನು ಅಂತ ಮೂರು ಮುಖ್ಯ ಬಗೆ. ಜನರ ಬೆರಳಲ್ಲಿ ಅರ್ಧಕ್ಕಿಂತ ಜಾಸ್ತಿ ಕುಣಿಕೆಯೇ. "ಎರಡೂ ಒಂದೇ ಥರ ಇದೆ" ಅಂತ ನಿನಗೆ ಅನ್ನಿಸುವುದು ಖಂಡಿತ, ಅದಕ್ಕೆ ಬೆಲೆ ಇಲ್ಲ. ಗೆರೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಕವಲೊಡೆಯುತ್ತದೆ ಅಂತ ಒಂದೊಂದೇ ಚುಕ್ಕೆ ಹಿಡಿದು ನೋಡಬೇಕು. ಇನ್ನೊಂದು, ಗುರುತು ಯಾರದ್ದು ಅಂತ ಹೇಳಬಹುದೇ ಹೊರತು ಯಾವಾಗ ಬಿತ್ತು ಅಂತ ಹೇಳಲಾಗದು. ಅದೇ ರೂಮಿನಲ್ಲಿ ಮಲಗುವವನ ಗುರುತು ಲಾಕರ್ ಮೇಲೆ ಸಿಕ್ಕರೆ "ಹೌದು, ಕೈ ತಾಗಿರಬಹುದು" ಅಂತಾನೆ.

ಅಂದಹಾಗೆ, ಬೆರಳಚ್ಚು ಕಚೇರಿ ಶುರುವಾಗಿದ್ದು ನಮ್ಮ ಕಲ್ಕತ್ತೆಯಲ್ಲೇ, 1897ರಲ್ಲಿ. ಹತ್ತು ಬೆರಳಿನ ಗುರುತುಗಳನ್ನು 1024 ಖಾನೆಗಳಿಗೆ ಹಂಚುವ ಲೆಕ್ಕದಲ್ಲಿ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹೆಸರು ಮಾತ್ರ ಅವರ ಮೇಲಧಿಕಾರಿ ಹೆನ್ರಿಗೆ ಹೋಯಿತು. ಅಷ್ಟು ಕಷ್ಟಪಟ್ಟದ್ದು ಯಾಕೆ? ಹೋಲಿಸಲು ಕಡತ ಇಲ್ಲದಿದ್ದರೆ ಸಿಕ್ಕ ಗುರುತು ದಂಡ, ಅದಕ್ಕೆ.

ಬಾರ್ಸಿಲೋನಾದಲ್ಲಿ ನೆಲೆಸಿರುವವರು:

ಸರ್ ಕಡತ ಅಂದರಲ್ಲ, ಅಲ್ಲಿಂದಲೇ ಮುಂದುವರಿಸುತ್ತೇನೆ. ಷೆಂಗನ್ ವೀಸಾಗೆ ಕೊಟ್ಟ ಹತ್ತು ಬೆರಳು ವೀಸಾ ಮಾಹಿತಿ ವ್ಯವಸ್ಥೆಯಲ್ಲಿ ಐದು ವರ್ಷ ಇರುತ್ತದೆ, ನಿಜ. ಆದರೆ ಪೊಲೀಸರು ಅದನ್ನು ತೆರೆಸುವುದು ಭಯೋತ್ಪಾದನೆಯಂಥ ಗಂಭೀರ ಅಪರಾಧಗಳಿಗೆ ಮಾತ್ರ. 350 ಯೂರೋಗೆ ಯಾರೂ ತೆರೆಯಲ್ಲ. ಅಲ್ಲದೆ ಎದುರು ಮಂಚದವನು ಜರ್ಮನಿಯವನೋ ಇಟಲಿಯವನೋ ಆಗಿದ್ದರೆ ಅವನಿಗೆ ವೀಸಾನೇ ಬೇಡ, ಬೆರಳು ಅಲ್ಲಿ ಇರುವುದೇ ಇಲ್ಲ.

ಇಲ್ಲಿ ದೂರು ಕೊಡಬೇಕಾದದ್ದು ಕೆಟಲೋನಿಯಾದ ಪೊಲೀಸರಿಗೆ, ಮೊಸ್ಸೋಸ್ ಅಂತಾರೆ. ರಾಂಬ್ಲಾ ಆಸುಪಾಸಿನಲ್ಲಿದ್ದರೆ ನೌ ದೆ ಲಾ ರಾಂಬ್ಲಾ ಬೀದಿಯಲ್ಲಿ ಠಾಣೆ ಇದೆ. ದೂರಿಗೆ ದೆನುನ್ಸಿಯಾ ಅಂತಾರೆ, ಪ್ರತಿ ಕೇಳಿ ತಗೊಳ್ಳಿ. ಬೀಗ ಮುರಿದದ್ದನ್ನು ಮಾತ್ರ ಒತ್ತಿ ಹೇಳಿ, ಫೋಟೋ ತೋರಿಸಿ. ಸ್ಪೇನಿನಲ್ಲಿ ಸುಮ್ಮನೆ ಎತ್ತಿಕೊಂಡು ಹೋದರೆ, ಮೊತ್ತ 400 ಯೂರೋ ದಾಟದಿದ್ದರೆ, ಅದು ಸಾಮಾನ್ಯವಾಗಿ ಸಣ್ಣ ಅಪರಾಧ, ದಂಡದಲ್ಲಿ ಮುಗಿಯುತ್ತದೆ. ಮುಚ್ಚಿದ ಬೀರುವಿನ ಬೀಗ ಮುರಿದು ತೆಗೆದರೆ ಅದು ಬೇರೆಯೇ ಅಪರಾಧ, ಅಲ್ಲಿ ಈ 400ರ ಗಡಿ ಇಲ್ಲ. "ದುಡ್ಡು ಹೋಯಿತು" ಅಂತಷ್ಟೇ ಬರೆಸಿ ಬಂದರೆ ನಿಮ್ಮ ಕೇಸು ನೀವೇ ಸಣ್ಣದು ಮಾಡಿಕೊಂಡ ಹಾಗೆ.

ಬೆರಳಚ್ಚಿಗಿಂತ ಗಟ್ಟಿ ಸುಳಿವು ಹಾಸ್ಟೆಲ್‌ನವರ ಹತ್ತಿರವೇ ಇದೆ. ರೂಮಿಗೆ ಕಾರ್ಡಿನ ಬೀಗ ಇದ್ದರೆ ಯಾವ ಕಾರ್ಡು ಎಷ್ಟು ಗಂಟೆಗೆ ಬಾಗಿಲು ತೆರೆಯಿತು ಅಂತ ಬಹುತೇಕ ದಾಖಲಾಗಿರುತ್ತದೆ. ಕಾರಿಡಾರಿನಲ್ಲಿ ಕ್ಯಾಮೆರಾ ಇದ್ದರೆ ಇನ್ನೂ ಒಳ್ಳೆಯದು. ಅದರ ದೃಶ್ಯವನ್ನು ಹೆಚ್ಚೆಂದರೆ ಒಂದು ತಿಂಗಳು ಇಟ್ಟು ಅಳಿಸಬೇಕು ಅಂತ ಇಲ್ಲಿನ ಕಾನೂನು. ಅದಕ್ಕೆ ಇವತ್ತೇ "ಇಷ್ಟರಿಂದ ಇಷ್ಟು ಗಂಟೆಯದ್ದು ತೆಗೆದಿಡಿ" ಅಂತ ಇಮೇಲ್ ಹಾಕಿ. ಬಾಯಲ್ಲಿ ಹೇಳಿದರೆ ಸಾಲದು. ತಂಗಿದವರೆಲ್ಲರ ಗುರುತಿನ ವಿವರವನ್ನು ಹಾಸ್ಟೆಲ್‌ಗಳು ಅಧಿಕಾರಿಗಳಿಗೆ ಕಳಿಸಲೇಬೇಕು. ಅವನು ಖಾಲಿ ಮಾಡಿಕೊಂಡು ಹೋದರೂ ಹೆಸರು ಎಲ್ಲೂ ಹೋಗಲ್ಲ.

ಟೋಕಿಯೋದಲ್ಲಿರುವವರು:

ಬೆರಳಚ್ಚು ಎಲ್ಲ ಕಡೆ ದಂಡ ಅನ್ನಬೇಡಿ. ನಮ್ಮ ಮನೆ ಕಿಟಕಿ ಒಡೆದಾಗ ಪೊಲೀಸರು ಬ್ರಷ್, ಪೌಡರ್ ಹಿಡಿದು ಬಂದು ಇಡೀ ಚೌಕಟ್ಟು ಉಜ್ಜಿದರು. ಹೊರಡುವ ಮುಂಚೆ ನನ್ನದೂ ಹೆಂಡತಿಯದೂ ಬೆರಳಚ್ಚು ತಗೊಂಡರು, ಮನೆಯವರ ಗುರುತು ಬೇರೆ ಮಾಡಲು. ನನಗೆ ನಾನೇ ಕಳ್ಳ ಅನ್ನೋ ಥರ ಆಗಿತ್ತು! ಆದರೆ ಅದು ನಾವಿಬ್ಬರೇ ಇರುವ ಮನೆ. ಎಂಟು ಜನ ಬದಲಾಗುತ್ತಲೇ ಇರುವ ರೂಮಿನಲ್ಲಿ ಯಾರ ಬೆರಳು ಅಂತ ಬೇರೆ ಮಾಡುತ್ತಾರೆ?

ಇನ್ನೊಬ್ಬರು:

ಅವನ ಬ್ಯಾಗಿಗೆ ಮಾತ್ರ ಕೈ ಹಾಕಬೇಡಿ. ಫೋಟೋ ತೆಗೆದು ಕಳ್ಳ ಅಂತ ಎಲ್ಲೂ ಹಾಕಲೂ ಬೇಡಿ. ಅವನು ಕಳ್ಳ ಅಲ್ಲದಿದ್ದರೆ ಠಾಣೆಯಲ್ಲಿ ಕೂರುವವರು ನೀವು.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಡಬ್ಬಿ ರಟ್ಟಿನ ಪೆಟ್ಟಿಗೆಗೆ ಹೋಯಿತು. ಕಾರ್ಡಿನ ದಾಖಲೆ ಇದೆಯಂತೆ, ಆದರೆ ನನಗೆ ತೋರಿಸಲ್ಲ, ಪೊಲೀಸರು ಕೇಳಿದರೆ ಕೊಡುತ್ತೇವೆ ಅಂದರು. ವೀಸಾಗೆ ಮಾಡಿಸಿದ್ದ ಇನ್ಶೂರೆನ್ಸಿನಲ್ಲಿ ದುಡ್ಡು ಸಿಗುತ್ತಾ?

ಬಾರ್ಸಿಲೋನಾದಲ್ಲಿ ನೆಲೆಸಿರುವವರು:

ಅವರು ಹೇಳಿದ್ದು ಸರಿಯೇ, ಬೇರೆಯವರ ಮಾಹಿತಿ ನಿಮಗೆ ಕೊಡುವಂತಿಲ್ಲ. "ಕಾರ್ಡಿನ ದಾಖಲೆ ಇದೆ, ಕ್ಯಾಮೆರಾ ಇದೆ" ಅಂತ ದೂರಿನಲ್ಲೇ ಬರೆಸಿ. ಇನ್ನು ವೀಸಾಗೆ ಕಡ್ಡಾಯ ಇರುವುದು 30,000 ಯೂರೋ ವೈದ್ಯಕೀಯ ವಿಮೆ ಮಾತ್ರ. ಕಳವು ಸೇರಿದ್ದರೂ ನಗದನ್ನು ಎಷ್ಟೋ ಪಾಲಿಸಿಗಳು ಹೊರಗಿಡುತ್ತವೆ. ಪಾಲಿಸಿ ತೆಗೆದು ನೋಡಿ, ಕಳವು ಇದ್ದರೆ ದೂರಿನ ಪ್ರತಿ ಕೇಳೇ ಕೇಳುತ್ತಾರೆ. ಠಾಣೆಗೆ ಪಾಸ್‌ಪೋರ್ಟ್ ತಗೊಂಡು ಹೋಗಿ, ಕಾಯಬೇಕಾಗಬಹುದು, ಊಟ ಮಾಡಿಕೊಂಡೇ ಹೊರಡಿ.