ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ ಪದ್ಮಿನಿ ಟ್ರಾಫಿಕ್‌ನಲ್ಲಿ ಮಾತ್ರ ಸಾಯುತ್ತಿದೆ

ಡೊಂಬಿವಲಿ ಪದ್ಮಿನಿ:
ನಮಸ್ಕಾರ. ಅಪ್ಪನ 1984ರ ಪ್ರೀಮಿಯರ್ ಪದ್ಮಿನಿ, 1089 ಸಿಸಿ. ಕಿಡಿಗಾಗಿ ಕರೆಂಟು ಕಡಿಯುವ ಹಳೆ ಸ್ವಿಚ್ಚು, ಅದೇ ಪಾಯಿಂಟ್, ಅದನ್ನು ಉಜ್ಜಿ ಉಜ್ಜಿ ಬೇಜಾರಾಗಿ, ಹೋದ ತಿಂಗಳು ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೇ ಕೂರುವ ಎಲೆಕ್ಟ್ರಾನಿಕ್ ಕಿಟ್ ಹಾಕಿಸಿದೆ. ಅದರೊಳಗೆ ತಿರುಗುವ ರೋಟರ್ ಕೆಳಗೆ ಒಂದು ಮ್ಯಾಗ್ನೆಟ್ ಬಳೆ, ಪಾಯಿಂಟ್ ಇದ್ದ ಜಾಗದಲ್ಲಿ ಕಪ್ಪು ಸೆನ್ಸರ್. ಹೊರಗೆ ಬರೋದು ಎರಡೇ ವೈರ್, ಕೆಂಪು ಮತ್ತು ಕಪ್ಪು. ಮೊದಲ ವಾರ ಖುಷಿಯೋ ಖುಷಿ. ಬೆಳಿಗ್ಗೆ ಅರ್ಧ ಸೆಲ್ಫ್‌ಗೇ ಸ್ಟಾರ್ಟ್, ಐಡಲಿಂಗ್ ಅಂತೂ ಹೊಲಿಗೆ ಮಷೀನಿನ ಹಾಗೆ.

ಈಗ ಗೋಳು ಕೇಳಿ. ಭಾನುವಾರ ಬೆಳಿಗ್ಗೆ ಪಾಮ್ ಬೀಚ್ ರಸ್ತೆಯಲ್ಲಿ ಒಂದು ಗಂಟೆ ಓಡಿಸಿದೆ, ಚಕಾರ ಎತ್ತಲಿಲ್ಲ. ಅದೇ ಗಾಡಿ ಕಲ್ಯಾಣ್–ಶಿಳ್ ರಸ್ತೆಯ ಜಾಮ್‌ನಲ್ಲಿ ಇಪ್ಪತ್ತು, ಇಪ್ಪತ್ತೈದು ನಿಮಿಷಕ್ಕೆ ಟಪ್ ಅಂತ ನಿಂತುಬಿಡುತ್ತೆ. ಕೆಮ್ಮಲ್ಲ, ಜಗ್ಗಲ್ಲ, ದೀಪ ಆರಿಸಿದ ಹಾಗೆ. ಆಮೇಲೆ ಎಷ್ಟು ಸೆಲ್ಫ್ ಹೊಡೆದರೂ ಇಲ್ಲ. ಬಾನೆಟ್ ತೆಗೆದು ಅರ್ಧ ಗಂಟೆ ಬಿಟ್ಟರೆ ಏನೂ ಆಗದವರ ಹಾಗೆ ಸ್ಟಾರ್ಟ್. ಮೂರು ಸಲ ಆಯ್ತು. ಮೂರನೇ ಸಲ ಶಿಳ್‌ಫಾಟಾದಲ್ಲಿ, ಹಿಂದೆ ಕಂಟೇನರ್ ಲಾರಿ, ಪಕ್ಕದಲ್ಲಿ ಹೆಂಡತಿ. ಯಾರ ಹಾರನ್ ಜೋರಿತ್ತು ಅಂತ ಹೇಳಲಾರೆ. ಪೆಟ್ರೋಲ್ ಫಿಲ್ಟರ್ ಹೊಸದು, ಕಾರ್ಬ್ಯುರೇಟರ್ ಕ್ಲೀನ್ ಆಗಿದೆ. ಬಾನೆಟ್ ಒಳಗಿನ ಫೋಟೊ ಹಾಕಿದ್ದೇನೆ, ಕಿಟ್ ಹಾಕುವ ಮುಂಚಿನದೂ ಒಂದಿದೆ.

ಪುಣೆ ಜೀಪು:
ಅಣ್ಣಾರ, ಇದು ಪೆಟ್ರೋಲ್ ಆವಿ ಆಗೋ ಕತಿ ಐತ್ರಿ. ಇಂಜಿನ್ನಿಗೆ ಹತ್ತಿಕೊಂಡಿರೋ ಮೆಕ್ಯಾನಿಕಲ್ ಪಂಪ್, ಮ್ಯಾಲೆ ಮೇ ತಿಂಗಳ ಬಿಸಲು. ಜಾಮ್‌ನ್ಯಾಗ ಗಾಳಿ ಹೊಡಿಯೂದಿಲ್ಲ, ಪೈಪಿನ್ಯಾಗ ಪೆಟ್ರೋಲ್ ಕುದ್ದು ಗುಳ್ಳಿ ಕೂತಿರ್ತೈತಿ. ಪಂಪಿನ ಮ್ಯಾಲೆ ಒದ್ದಿ ಬಟ್ಟಿ ಹಾಕ್ರಿ, ಐದು ನಿಮಿಷಕ್ಕ ಚಾಲೂ ಆಗ್ತೈತಿ. ಖಂಬಾಟ್ಕಿ ಘಾಟಿನ್ಯಾಗ ನಾನು ಎಷ್ಟ ಸಲ ಹಂಗ ಮಾಡೇನಿ.

ಡೊಂಬಿವಲಿ ಪದ್ಮಿನಿ:
ಎರಡನೇ ಸಲ ಅದನ್ನೇ ಮಾಡಿದೆ ಸರ್, ಎರಡು ಬಾಟಲಿ ಬಿಸ್ಲೇರಿ ಖಾಲಿ. ಏನೂ ಆಗಲಿಲ್ಲ. ಪ್ಲಗ್ ಬಿಚ್ಚಿದರೆ ತುದಿ ಒದ್ದೆ ಇತ್ತು, ಪೆಟ್ರೋಲ್ ವಾಸನೆ ಗಮ್ ಅಂತಿತ್ತು.

ಮಾಟುಂಗಾ ವೈರ್‌ಮನ್:
ಪ್ಲಗ್ ಒದ್ದೆ ಅಂದಮೇಲೆ ಪೆಟ್ರೋಲಿನ ಮಾತು ಬಿಡಿ ಮಾರಾಯ್ರೆ, ಕಿಡಿ ಬರ್ತಿಲ್ಲ. ಮೂವತ್ತು ವರ್ಷ ಮುಂಬೈಯ ಕಾಲಿ-ಪೀಲಿ (ಕಪ್ಪು-ಹಳದಿ) ಟ್ಯಾಕ್ಸಿಗಳ ವೈರಿಂಗ್ ಮಾಡಿದವ ನಾನು. ಕುರ್ಲಾ ಫ್ಯಾಕ್ಟರಿಯಿಂದ ಬಂದ ಗಾಡಿಗಳಲ್ಲಿ ನನ್ನ ಕೈ ಹೋಗದ ಜಾಗ ಇಲ್ಲ. 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿದಾಗ ನಮ್ಮ ಮನೆಯಲ್ಲಿ ಅವತ್ತು ಟಿವಿ ಹಾಕಬೇಡಿ ಅಂದಿದ್ದೆ.

ಮುಂದಿನ ಸಲ ನಿಂತಾಗ ಗಾಬರಿ ಆಗದೆ, ತಣ್ಣಗಾಗುವ ಮೊದಲೇ ಇಷ್ಟು ಮಾಡಿ. ಒಂದು ಹಳೆ ಪ್ಲಗ್ಗನ್ನು, ಕಿಡಿಗೆ ಬೇಕಾದ ಭಾರೀ ವೋಲ್ಟ್ ಹುಟ್ಟಿಸುವ ಕಾಯಿಲ್‌ನಿಂದ ಬರುವ ದಪ್ಪ ವೈರಿಗೆ ಸಿಕ್ಕಿಸಿ, ಪ್ಲಗ್ಗಿನ ಮೈಯನ್ನು ಇಂಜಿನ್ ಲೋಹಕ್ಕೆ ಗಟ್ಟಿ ತಾಗಿಸಿ, ಪೆಟ್ರೋಲ್ ಪೈಪಿನಿಂದ ದೂರ ಇಟ್ಟು ಸೆಲ್ಫ್ ಹೊಡೆಸಿ. ನಾವು ಹಿಂದೆ ಮಾಡುತ್ತಿದ್ದ ಹಾಗೆ ವೈರನ್ನು ಗಾಳಿಯಲ್ಲಿ ಹಿಡಿಯಬೇಡಿ. ಕಿಡಿಗೆ ದಾರಿ ಸಿಗದಿದ್ದರೆ ಅದು ಮಾಡ್ಯೂಲನ್ನೇ, ಅಂದರೆ ನಿಮ್ಮ ಆ ಕಪ್ಪು ಸೆನ್ಸರನ್ನೇ, ತಿನ್ನುತ್ತೆ. ಆಮೇಲೆ ಐದು ವ್ಯಾಟಿನ ಬಲ್ಬಿನ ಒಂದು ತುದಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಕಾಯಿಲ್ ಮೈನಸ್‌ಗೆ. ಸೆಲ್ಫ್ ಹೊಡೆದಾಗ ಬಲ್ಬ್ ಮಿಣುಕಿದರೆ ಮಾಡ್ಯೂಲ್ ಕೆಲಸ ಮಾಡ್ತಿದೆ. ಮಿಣುಕದಿದ್ದರೆ ನಿದ್ದೆ ಮಾಡಿದೆ. ಕಾಯಿಲ್ ಓಮ್ಸ್ (ಕರೆಂಟಿಗೆ ಅದು ಒಡ್ಡುವ ತಡೆ) ಕೂಡ ಅಳೆದು ಹೇಳಿ, ವೈರ್ ಬಿಚ್ಚಿ ಅಳೆಯಿರಿ. ಮೊದಲು ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿ, ಎಷ್ಟು ತೋರಿಸುತ್ತೋ ಅಷ್ಟನ್ನು ಕಳೆಯಿರಿ.

ಮಡಗಾಂವ್ ಫಿಯೆಟ್:
ನನ್ನದು ಎರಡು ಮಾತು. ಡಿಸ್ಟ್ರಿಬ್ಯೂಟರ್ ಒಳಗಿನ ಪ್ಲೇಟಿನಿಂದ ಮೈಗೆ ಹೋಗುವ ಸಣ್ಣ ಜಡೆ ವೈರ್ ಇರುತ್ತಲ್ಲ, ಅದು ತುಂಡಾಗಿದ್ದರೆ ಸೆನ್ಸರಿಗೆ ಅರ್ತ್ ಸರಿಯಾಗಿ ಸಿಗಲ್ಲ. ಇಲ್ಲಿಯ ಉಪ್ಪು ಗಾಳಿಗೆ ನನ್ನದು ಪುಡಿಪುಡಿ ಆಗಿತ್ತು. ಇನ್ನೊಂದು, ಪ್ಲಗ್ ವೈರ್‌ಗಳು ತಾಮ್ರದ ಎಳೆಯವಾ? ರೆಸಿಸ್ಟೆನ್ಸ್ ಇಲ್ಲದ ತಾಮ್ರದ ವೈರ್ ಈ ಸೆನ್ಸರ್‌ಗಳಿಗೆ ಆಗಿಬರಲ್ಲ, ಕಾರ್ಬನ್ ಎಳೆಯದು ಹಾಕಿ.

ಡೊಂಬಿವಲಿ ಪದ್ಮಿನಿ:
ಜಡೆ ವೈರ್ ನೋಡಿದೆ, ಗಟ್ಟಿ ಇದೆ. ಪ್ಲಗ್ ವೈರ್ ತಾಮ್ರದ್ದೇ, ಬದಲಾಯಿಸ್ತೇನೆ.

ನಿನ್ನೆ ಮಾನ್‌ಪಾಡಾ ಸರ್ಕಲ್ ಹತ್ತಿರ ಮತ್ತೆ ನಿಂತಿತು. ಈ ಸಲ ಮೀಟರ್, ಬಲ್ಬು ಎಲ್ಲಾ ಇಟ್ಟುಕೊಂಡೇ ಹೋಗಿದ್ದೆ, ನಿಂತಿದ್ದಕ್ಕೆ ಖುಷಿಯೇ ಆಯ್ತು. ಕಿಡಿ ಇಲ್ಲ. ಬಲ್ಬ್ ಮಿಣುಕಲಿಲ್ಲ. ಕೀ ಆನ್ ಮಾಡಿದರೆ ಕಾಯಿಲ್ ಪ್ಲಸ್‌ನಲ್ಲಿ 12.1 ವೋಲ್ಟ್, ಮೈನಸ್‌ನಲ್ಲೂ 12.1. ಸೆಲ್ಫ್ ಹೊಡೆದರೆ ಎರಡೂ ಕಡೆ ಒಂದೇ ಸಮ ಇಳಿದವು. ಕಾಯಿಲ್ ಮೇಲೆ ಬೆರಳಿಟ್ಟೆ, ಚುರುಕ್ ಅಂತು, ತಕ್ಷಣ ತೆಗೆದೆ. ತಣ್ಣಗಾದ ಮೇಲೆ ಓಮ್ಸ್ 1.7 ಬಂತು, ಕಡ್ಡಿಗಳದ್ದು 0.2 ಕಳೆದರೆ 1.5.

ಅಂದರೆ ಮಾಡ್ಯೂಲ್ ಡಿಫೆಕ್ಟ್ ತಾನೆ? ಹಾಕಿದ ಗ್ಯಾರೇಜಿನವರು ಬೇರೆ ಪೀಸ್ ಕೊಡ್ತೇನೆ ಅಂತಿದ್ದಾರೆ.

ಮಾಟುಂಗಾ ವೈರ್‌ಮನ್:
ತಡೀರಿ, ಬೇರೆ ಪೀಸ್ ಹಾಕಿಸಿದರೆ ಅದನ್ನೂ ಸುಡ್ತೀರಿ.

ನಿಮ್ಮ ಹಳೆ ಫೋಟೊದಲ್ಲಿ ಕಾಯಿಲ್ ಪಕ್ಕ ಬೆರಳುದ್ದದ ಬಿಳಿ ಸೆರಾಮಿಕ್ ಕಡ್ಡಿ ಒಂದಿದೆ, ಎರಡು ತುದಿಗೂ ವೈರ್. ಹೊಸ ಫೋಟೊದಲ್ಲಿ ಅದಿಲ್ಲ. ಅದು ಎಲ್ಲಿ ಹೋಯ್ತು?

ಡೊಂಬಿವಲಿ ಪದ್ಮಿನಿ:
ಡಿಕ್ಕಿಯಲ್ಲಿ ಬಿದ್ದಿದೆ ಅಣ್ಣ. ಕಿಟ್ಟಿಗೆ ಪೂರ್ತಿ 12 ವೋಲ್ಟ್ ಬೇಕು, ಇದು ವೋಲ್ಟ್ ತಿನ್ನುತ್ತೆ ಅಂತ ಬಿಚ್ಚಿ ಕೈಗೆ ಕೊಟ್ಟರು.

ಮಾಟುಂಗಾ ವೈರ್‌ಮನ್:
ಅಲ್ಲೇ ಎಡವಟ್ಟಾದದ್ದು. ಅವರು ಹೇಳಿದ್ದರಲ್ಲಿ ಅರ್ಧ ಸರಿ. ಪೂರ್ತಿ 12 ವೋಲ್ಟ್ ಬೇಕಿರೋದು ಮಾಡ್ಯೂಲಿನ ಕೆಂಪು ವೈರಿಗೆ. ನಿಮ್ಮ ಕಾಯಿಲ್‌ಗೆ ಅಷ್ಟು ಕೊಡಬಾರದು.

ನಿಮ್ಮ ಕಾಯಿಲ್ 1.5 ಓಮ್ಸಿನದು. ಯಾವ ಕಾಲದಲ್ಲೋ ಯಾರೋ ಬೇರೆ ಗಾಡಿಯದು ತಂದು ಹಾಕಿದ್ದಾರೆ. ಮೈ ಒರೆಸಿ ನೋಡಿ, ಹೊರಗಿನ ರೆಸಿಸ್ಟರ್ ಜೊತೆಗೇ ಬಳಸಿ ಅಂತ ಇಂಗ್ಲಿಷಿನಲ್ಲಿ ಬರೆದಿರಬಹುದು. ಹಾಕಿದವ ಬುದ್ಧಿವಂತ, ಜೊತೆಗೆ ಆ ಬಿಳಿ ಕಡ್ಡಿಯನ್ನೂ ಹಾಕಿದ್ದ. ಅದಕ್ಕೆ ಬ್ಯಾಲಾಸ್ಟ್ ಅಂತೇವೆ. ಅದೂ 1.5 ಓಮ್ಸ್ ಇದ್ದರೆ ಒಟ್ಟು ಮೂರು. ಇಂಜಿನ್ ಓಡುವಾಗ 13.8 ವೋಲ್ಟ್ ಅಂತ ಹಿಡಿಯಿರಿ, ಮೂರರಿಂದ ಭಾಗಿಸಿದರೆ 4.6 ಆಂಪಿಯರ್. ಕಡ್ಡಿ ತೆಗೆದರೆ 9.2. ಆ ಒಂಬತ್ತು ಆಂಪಿಯರನ್ನು ಆನ್-ಆಫ್ ಮಾಡಬೇಕಾದ್ದು ಹೆಬ್ಬೆರಳಿನಷ್ಟು ದೊಡ್ಡ ಆ ಮಾಡ್ಯೂಲ್, ಅದೂ ಬಿಸಿ ಡಿಸ್ಟ್ರಿಬ್ಯೂಟರ್ ಒಳಗೆ ಕೂತು. ಎಷ್ಟು ಹೊತ್ತು ತಡೆದೀತು?

ಪಾಮ್ ಬೀಚ್‌ನಲ್ಲಿ ಯಾಕೆ ನಿಲ್ಲಲಿಲ್ಲ ಅಂತ ಕೇಳ್ತೀರಿ. ಇದು ಸ್ವಾರಸ್ಯ. ನಾಲ್ಕು ಸಿಲಿಂಡರಿನ ಇಂಜಿನ್ ಒಂದು ಸುತ್ತು ತಿರುಗಿದರೆ ಎರಡು ಕಿಡಿ. 3000 ಆರ್‌ಪಿಎಂನಲ್ಲಿ ಸೆಕೆಂಡಿಗೆ ನೂರು, ಅಂದರೆ ಕಿಡಿಯಿಂದ ಕಿಡಿಗೆ ಹತ್ತು ಮಿಲಿಸೆಕೆಂಡ್. ಕಾಯಿಲ್‌ನಲ್ಲಿ ಕರೆಂಟು ಒಮ್ಮೆಲೇ ಏರಲ್ಲ, ಬಾವಿಯಲ್ಲಿ ನೀರು ಏರಿದ ಹಾಗೆ ನಿಧಾನ ಏರುತ್ತೆ. ಪೂರ್ತಿ ಏರಿ ಹೆಚ್ಚು ಹೊತ್ತು ನಿಲ್ಲುವ ಮೊದಲೇ ಮಾಡ್ಯೂಲ್ ಕಡಿಯುತ್ತೆ. ಐಡಲ್‌ನಲ್ಲಿ 800 ಅಂದರೆ ಕಿಡಿಯಿಂದ ಕಿಡಿಗೆ 37 ಮಿಲಿಸೆಕೆಂಡ್. ಕರೆಂಟು ತುದಿಗೇರಿ, ಅಲ್ಲೇ ಕೂತು, ಕಾಯಿಲನ್ನೂ ಮಾಡ್ಯೂಲನ್ನೂ ಕಾಯಿಸುತ್ತೆ. ಹಾಗಾಗಿ ನಿಮ್ಮ ಗಾಡಿ ಓಡಿದಷ್ಟೂ ಕ್ಷೇಮ, ನಿಂತಷ್ಟೂ ಕುದಿಯುತ್ತೆ. ಪುಣೆಯವರು ಆವಿ ಅಂದದ್ದು ತಪ್ಪಲ್ಲ, ಎರಡರ ಲಕ್ಷಣವೂ ಒಂದೇ ತರ.

ಮಾಡಬೇಕಾದ್ದು ಇಷ್ಟೆ. ಕೀಯಿಂದ ಬರುವ ವೈರ್ ಬಿಳಿ ಕಡ್ಡಿಯ ಒಂದು ತುದಿಗೆ, ಅದೇ ತುದಿಗೆ ಮಾಡ್ಯೂಲಿನ ಕೆಂಪು. ಕಡ್ಡಿಯ ಇನ್ನೊಂದು ತುದಿ ಕಾಯಿಲ್ ಪ್ಲಸ್‌ಗೆ. ಕಪ್ಪು ವೈರ್ ಕಾಯಿಲ್ ಮೈನಸ್‌ನಲ್ಲೇ ಇರಲಿ. ಇಲ್ಲವಾದರೆ ಮೂರು ಓಮ್ಸಿನ ಕಾಯಿಲ್ ತಂದು ಕಡ್ಡಿಯ ಸಹವಾಸವೇ ಬಿಡಿ. ಪಾಯಿಂಟಿನ ಜೊತೆ ಇದ್ದ ಹಳೆ ಕಂಡೆನ್ಸರ್ ಇನ್ನೂ ಸಿಕ್ಕಿಸಿಕೊಂಡಿದ್ದರೆ ತೆಗೆಯಿರಿ. ಟೈಮಿಂಗ್ ಲೈಟ್ ಹಾಕಿ ಟೈಮಿಂಗ್, ಅಂದರೆ ಕಿಡಿ ಬೀಳುವ ಹೊತ್ತು, ಹೊಸದಾಗಿ ಕೂರಿಸಿ, ಪಾಯಿಂಟ್ ಸವೆದ ಲೆಕ್ಕಕ್ಕೆ ತಿರುಗಿಸಿಟ್ಟ ಡಿಸ್ಟ್ರಿಬ್ಯೂಟರ್ ಈಗ ಮುಂದಾಗಿರುತ್ತೆ.

ಇನ್ನೊಂದು, ಇಂಜಿನ್ ಆಫ್ ಇಟ್ಟು ಕೀ ಆನ್ ಮಾಡಿ ಹಾಡು ಕೇಳ್ತಾ ಕೂರಬೇಡಿ. ಪಾಯಿಂಟಿನ ಕಾಲದಲ್ಲಿ ಬೈದುಕೊಂಡು ಒಂದು ಕಾಯಿಲ್ ಹಾಕ್ತಿದ್ದೆವು, ಈಗ ಜೊತೆಗೆ ಮಾಡ್ಯೂಲಿನ ದುಡ್ಡೂ ಹೋಗುತ್ತೆ.

ಪುಣೆ ಜೀಪು:
ಶರಣ್ರಿ ಅಣ್ಣಾರ. ನಾ ಘಾಟಿನ್ಯಾಗ ಸುರುವಿದ್ದ ನೀರೆಲ್ಲ ನೆನಪಾತು. ಆದರ ಹಳೇ ಪಾಯಿಂಟ್ ಪ್ಲೇಟು, ಕಂಡೆನ್ಸರ್ ಒಗಿಬ್ಯಾಡ್ರಿ, ಡಿಕ್ಕಿನ್ಯಾಗ ಇಟ್ಕೋರಿ.

ಮಾಟುಂಗಾ ವೈರ್‌ಮನ್:
ಅದು ನೂರಕ್ಕೆ ನೂರು. ಪಾಯಿಂಟ್ ಸಾಯೋ ಮೊದಲು ಹತ್ತು ದಿನ ಕೆಮ್ಮುತ್ತೆ, ಬೆಂಕಿಪೊಟ್ಟಣದ ಬದಿಯಲ್ಲಿ ಉಜ್ಜಿದರೆ ಮನೆ ಮುಟ್ಟಿಸುತ್ತೆ. ಇದು ಹೇಳದೆ ಕೇಳದೆ ಹೋಗುತ್ತೆ.

ಡೊಂಬಿವಲಿ ಪದ್ಮಿನಿ:
ವರದಿ ಒಪ್ಪಿಸ್ತಿದ್ದೇನೆ. ಕಡ್ಡಿ ಅಳೆದೆ, 1.6 ಇತ್ತು. ನೀವು ಹೇಳಿದ ಹಾಗೆ ವಾಪಸ್ ಹಾಕಿದೆ. ಕಾಯಿಲ್ ಮೈ ಸೀಮೆಎಣ್ಣೆಯಲ್ಲಿ ಒರೆಸಿದರೆ ಆ ಸಾಲು ಅಚ್ಚುಕಟ್ಟಾಗಿ ಬರೆದಿದೆ, ನಾವ್ಯಾರೂ ಓದಿರಲಿಲ್ಲ. ಟೈಮಿಂಗ್ ಸಹ ತುಂಬಾ ಮುಂದೆ ಹೋಗಿತ್ತು.

ಶುಕ್ರವಾರ ಸಂಜೆ ಬೇಕಂತಲೇ ಜಾಮ್ ಹುಡುಕಿಕೊಂಡು ಹೋದೆ. ಡೊಂಬಿವಲಿಯಿಂದ ಸಾಯನ್ ತನಕ ಎರಡು ಗಂಟೆ ಹತ್ತು ನಿಮಿಷ, ಅದರಲ್ಲಿ ಅರ್ಧ ಹೊತ್ತು ಮೊದಲನೇ ಗೇರು. ನಿಲ್ಲಲಿಲ್ಲ. ಇಳಿದು ಕಾಯಿಲ್ ಮೇಲೆ ಕೈ ಇಟ್ಟೆ, ಬಿಸಿ ಇತ್ತು, ಆದರೆ ಕೈ ಇಟ್ಟುಕೊಳ್ಳುವಷ್ಟು.

ಮಾಟುಂಗಾ ವೈರ್‌ಮನ್:
ಸಂತೋಷ. ಆದರೆ ಈಗ ಆ ಕಾವಿನಲ್ಲಿ ಅರ್ಧ ಆ ಬಿಳಿ ಕಡ್ಡಿಗೆ ಬಂದಿದೆ, ಸಣ್ಣ ಸೋಲ್ಡರಿಂಗ್ ಐರನ್‌ನಷ್ಟು ಕಾಯುತ್ತೆ. ಅದಕ್ಕೆ ತಾಗುವ ಹಾಗೆ ವೈಪರ್ ನೀರಿನ ಪ್ಲಾಸ್ಟಿಕ್ ಪೈಪ್ ಏನೂ ಇಲ್ಲ ತಾನೆ?

ಡೊಂಬಿವಲಿ ಪದ್ಮಿನಿ:
ಇತ್ತು. ಈಗಷ್ಟೇ ಕೆಳಗೆ ಹೋಗಿ ಸರಿಸಿ ಕಟ್ಟಿ ಬಂದೆ.