ಸಹಾಯ ಬೇಕು: ಮನುಷ್ಯ ಯಂತ್ರವಾಗೋ ಗೇಮ್ ಕಥೆ

ನಮಸ್ಕಾರ. ಬಸವನಗುಡಿಯಲ್ಲಿ ನಾವು ನಾಲ್ಕು ಜನ ಸೇರಿ ಕನ್ನಡದಲ್ಲೇ ಸಣ್ಣ ಸೂಪರ್‌ಹೀರೋ ಗೇಮ್ ಮಾಡ್ತಿದ್ದೀವಿ. ನಾಯಕಿ ಪೀಣ್ಯದಲ್ಲಿ ಲೇತ್ ಆಪರೇಟರ್, ಅಪಘಾತದ ನಂತರ ಅರ್ಧ ಯಂತ್ರ ಆಗ್ತಾಳೆ. ಅಲ್ಲೇ ಕಥೆ ನಿಂತುಬಿಟ್ಟಿದೆ.

'ಸೈಬೋರ್ಗ್' (ಅರ್ಧ ಮನುಷ್ಯ, ಅರ್ಧ ಯಂತ್ರ) ಅನ್ನೋ ಪದ ಹುಟ್ಟಿದ್ದು 1960ರಲ್ಲಿ, ಬಾಹ್ಯಾಕಾಶಕ್ಕೆ ತಕ್ಕಂತೆ ದೇಹವನ್ನೇ ಮಾರ್ಪಡಿಸೋ ಯೋಚನೆಯಿಂದ. ಗೇಮ್‌ಗಳಲ್ಲಿ ಮಾತ್ರ ಹೆಚ್ಚಾಗಿ ಬಲವಂತವೇ. 1995ರ ಮಾರ್ಟಲ್ ಕಾಂಬ್ಯಾಟ್ 3ರಲ್ಲಿ ತಪ್ಪಿಸಿಕೊಳ್ಳಲು ನೋಡಿದ ಸ್ಮೋಕ್‌ನನ್ನು ಅವನ ಪಂಗಡದವರೇ ಹಿಡಿದು ಯಂತ್ರ ಮಾಡ್ತಾರೆ. 2011ರ ಡೇಯಸ್ ಎಕ್ಸ್: ಹ್ಯೂಮನ್ ರೆವಲ್ಯೂಷನ್‌ನಲ್ಲಿ ಆಡಂ ಜೆನ್ಸನ್ ಗಾಯಗೊಂಡು ಮಲಗಿದ್ದಾಗಲೇ ಕೈಗಳು ಬದಲಾಗಿರುತ್ತವೆ. ನಮ್ಮವಳು ತಾನಾಗಿ ಒಪ್ಪಬೇಕು ಅನ್ನೋದು ನನ್ನ ಹಟ (ಉಳಿದ ಮೂವರೂ ವಿರುದ್ಧ!).

ಹಾಗೆ ಒಪ್ಪಿ ಬದಲಾದ ಪಾತ್ರವಿರೋ ಗೇಮ್ ಗೊತ್ತಿದ್ರೆ ಹೇಳಿ. ಕೃತಕ ಕೈ ಬಳಸೋರು ಯಾರಾದ್ರೂ ಇದ್ರೆ, ಮೊದಲ ವಾರ ಹೇಗಿತ್ತು ಅಂತ ದಯವಿಟ್ಟು ಬರೀರಿ.